ನಾಯಿ-ನರ ಸಹವಾಸದ ತಾತ್ವಿಕ ನೆಲೆಗಳು: ಒಂದು ಅನುಸಂಧಾನ

1. ಪ್ರಸ್ತಾವನೆ

ಸಾಕುಪ್ರಾಣಿ ಎಂಬ ಪರಿಕಲ್ಪನೆಯನ್ನು ಅದರ ಚಾರಿತ್ರಿಕ, ಸಾಂಸ್ಕೃತಿಕ ಹಾಗೂ ಸೋಫಾಸಂಬಂಧಿ ಆಯಾಮಗಳೊಂದಿಗೆ ಮುಖಾಮುಖಿಯಾಗಿಸಿ, ಮನುಷ್ಯಕೇಂದ್ರಿತ ಯಜಮಾನಿಕೆಯ ಸಂಕಥನವನ್ನು ನಿರಚನಗೊಳಿಸಿ, ತನ್ಮೂಲಕ ಬಾಲ ಅಲ್ಲಾಡಿಸುವಿಕೆಯ ಬಹುತ್ವವನ್ನು ಮುನ್ನೆಲೆಗೆ ತರುವುದು ಪ್ರಸ್ತುತ ಪ್ರಬಂಧದ ಆಶಯವಾಗಿದೆ. ಈ ವಾಕ್ಯ ಅರ್ಥವಾಗದವರು ಗಾಬರಿಪಡಬೇಕಿಲ್ಲ. ಅರ್ಥವಾಗುವಂತೆ ಬರೆದರೆ ಅದು ಸಂಶೋಧನೆ ಎನಿಸಿಕೊಳ್ಳುವುದಿಲ್ಲ.

ಪ್ರಾಣಿ-ಮನುಷ್ಯ ಸಂಬಂಧವನ್ನು ಕುರಿತ ಒಂದು ವಿಚಾರ ಸಂಕಿರಣದಲ್ಲಿ ಇಡೀ ದಿನ ಕುಳಿತು ಎದ್ದುಬಂದದ್ದೇ ಈ ಪ್ರಬಂಧಕ್ಕೆ ಪ್ರೇರಣೆ. ಅಲ್ಲಿ 'ಮಾನವೇತರ ಅಸ್ಮಿತೆ' ಇತ್ತು, 'ಸಹಜೀವನದ ಮೀಮಾಂಸೆ' ಇತ್ತು, ಮಧ್ಯಾಹ್ನಕ್ಕೆ ಬಿಸಿಬೇಳೆಬಾತೂ ಇತ್ತು. ಮಂಡನೆಯಾದ ಪ್ರಬಂಧಗಳಲ್ಲಿ ಮಾತ್ರ ಒಂದೇ ಒಂದು ನಾಯಿ ಇರಲಿಲ್ಲ. ಹೆಸರಿರುವ, ಮೈಯಲ್ಲಿ ಉಣ್ಣೆ ಕಚ್ಚಿದ, ಮಳೆಯಲ್ಲಿ ನೆಂದು ಬಂದು ಹಾಸಿಗೆಯ ಮೇಲೆ ಮೈ ಒದರುವ ನಾಯಿ ಒಂದೂ ಇರಲಿಲ್ಲ.

1.1 ಪ್ರಾಕ್ಕಲ್ಪನೆ: ಮನುಷ್ಯ ನಾಯಿಯನ್ನು ಸಾಕುತ್ತಾನೆ. (ತಿರಸ್ಕೃತ. ನೋಡಿ: ಅಧ್ಯಾಯ 3.)

1.2 ವ್ಯಾಪ್ತಿ ಮತ್ತು ಮಿತಿ: ತಿಪಟೂರು ಸೀಮೆಯ ಒಂದು ತೋಟದ ಮನೆ, ಮೈಸೂರಿನ ಒಂದು ಬಾಡಿಗೆ ಮನೆ, ಬೆಂಗಳೂರಿನ ಒಂದು ಅಪಾರ್ಟ್‌ಮೆಂಟು, ಇಷ್ಟೇ ಕ್ಷೇತ್ರ. ಮಾಹಿತಿದಾರರು ಪ್ರಶ್ನಾವಳಿಯನ್ನು ಅಗಿದು ಹಾಕಿರುವುದರಿಂದ ಅಂಕಿಅಂಶಗಳನ್ನು ನೀಡಲಾಗಿಲ್ಲ.

2. ಪೂರ್ವಾಧ್ಯಯನಗಳ ಸಮೀಕ್ಷೆ

1758ರಲ್ಲಿ ಲಿನಿಯಸ್ ನಾಯಿಗೆ 'ಕ್ಯಾನಿಸ್ ಫೆಮಿಲಿಯಾರಿಸ್' ಎಂಬ ಹೆಸರಿಟ್ಟನು. ಕರೆದರೆ ಯಾವ ನಾಯಿಯೂ ತಿರುಗಿ ನೋಡದ ಹೆಸರು ಇದೊಂದೇ. ಮುಂದೆ ರಷ್ಯಾದ ಪಾವ್ಲೊವ್ ನಾಯಿಗಳ ಜೀರ್ಣಕ್ರಿಯೆಯನ್ನು ಅಭ್ಯಸಿಸಿದನು. ಜೊಲ್ಲು ಸುರಿಸಿದ್ದು ನಾಯಿಗಳು, 1904ರಲ್ಲಿ ನೊಬೆಲ್ ಪಡೆದದ್ದು ಪಾವ್ಲೊವ್. ಸಂಶೋಧನಾ ವಿದ್ಯಾರ್ಥಿ ಮತ್ತು ಮಾರ್ಗದರ್ಶಕರ ಸಂಬಂಧಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಈವರೆಗೆ ದೊರೆತಿಲ್ಲ.

ಕನ್ನಡದಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಹುಲಿಯ ಹಾಗೂ ತೇಜಸ್ವಿಯವರ ಬರಹಗಳಲ್ಲಿ ಓಡಾಡುವ ಕಿವಿ ಎಂಬ ನಾಯಿಗಳು ಗಮನಾರ್ಹ ಆಕರಗಳು. ಆದರೆ ಈ ಇಬ್ಬರು ಲೇಖಕರೂ ನಾಯಿಯನ್ನು ಕಣ್ಣಾರೆ ನೋಡಿ ಬರೆದಿರುವುದು ಗಂಭೀರ ವಿಧಾನದೋಷವಾಗಿದೆ. ಸೈದ್ಧಾಂತಿಕ ಚೌಕಟ್ಟಿಲ್ಲದೆ ನೇರವಾಗಿ ನಾಯಿಗೆ ಕೈಹಾಕಿದರೆ ಅದು ನಾಯಿಯಾಗಿಯೇ ಉಳಿದುಬಿಡುತ್ತದೆ, 'ಶ್ವಾನತ್ವ'ವಾಗಿ ರೂಪಾಂತರ ಹೊಂದುವುದಿಲ್ಲ.

ಈ ಕ್ಷೇತ್ರದ ಅತ್ಯುತ್ತಮ ಅಧ್ಯಯನ ಪ್ರಕಟವಾದದ್ದು ಹತ್ತನೆಯ ಶತಮಾನದ ನಡುವಿನಲ್ಲಿ, ಕಲ್ಲಿನ ಮೇಲೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಅದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗ ಹೋರಾಡಿದ. ಅವನ ಕಡೆಯ ವೀರ ಮಣಲೇರ. ಮೆಚ್ಚಿ, ಬೇಕಾದ್ದು ಕೇಳು ಎಂದಾಗ ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಕಾಳಿಯೂ ಹಂದಿಯೂ ಹೊಡೆದಾಡಿ ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಗದ್ದೆ ಬಿಟ್ಟ. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಆ ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದ. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ, ಹಂದಿ ಎರಡೂ ಎದುರುಬದುರಾಗಿ ಇವತ್ತಿಗೂ ಜಗ್ಗದೆ ನಿಂತಿವೆ.

ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ನಾಯಿ ಕೇಳಿದ. ಇದನ್ನು 'ಊಳಿಗಮಾನ್ಯ ವ್ಯವಸ್ಥೆಯ ಸಾಂಕೇತಿಕ ಬಂಡವಾಳದ ಮರುಹಂಚಿಕೆ' ಎಂದು ವ್ಯಾಖ್ಯಾನಿಸುವವರು ಒಮ್ಮೆಯಾದರೂ ನಾಯಿ ಸಾಕಿ ನೋಡಬೇಕು.

3. ವರ್ಗೀಕರಣ

ನಾಯಿಗಳನ್ನು ತಳಿವಾರು ವಿಂಗಡಿಸುವುದು ವಸಾಹತುಶಾಹಿ ಜ್ಞಾನಕ್ರಮದ ಪಳೆಯುಳಿಕೆಯಾದ್ದರಿಂದ, ಶಯನಸ್ಥಾನವನ್ನು ಆಧರಿಸಿದ ಅಪ್ಪಟ ದೇಸಿ ವರ್ಗೀಕರಣವನ್ನು ಇಲ್ಲಿ ಮಂಡಿಸಲಾಗಿದೆ.

(ಅ) ಅಂಗಳಸ್ಥ. ಉದಾಹರಣೆ: ಕರಿಯ. ತೋಟದ ಮನೆಗೆ ಇವನನ್ನು ಯಾರೂ ತಂದವರಲ್ಲ, ತಾನಾಗಿ ಬಂದು ಸೇರಿಕೊಂಡವನು. ಕೊರಳಿಗೆ ಹಗ್ಗವಿಲ್ಲ, ತೆಂಗಿನಕಾಯಿ ರಾಶಿಯ ಪಕ್ಕ ಮಲಗು ಎಂದು ಹೇಳಿದವರಿಲ್ಲ. ಹಗಲು ನಿದ್ದೆ, ರಾತ್ರಿ ಪಾಳಿ. ಅಜ್ಜಿ ಅವನನ್ನು ಒಮ್ಮೆಯೂ ಮುಟ್ಟಿದವಳಲ್ಲ, ಒಳಗೆ ಬಿಟ್ಟುಕೊಂಡವಳೂ ಅಲ್ಲ. ಆದರೆ ಅವನ ಪಾಲಿನ ಮುದ್ದೆ ತೆಗೆದಿಡದೆ ತಾನು ಉಂಡದ್ದೂ ಇಲ್ಲ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಆತಕೂರು ಎಲ್ಲಿದೆ ಎಂದೂ ಗೊತ್ತಿರಲಿಲ್ಲ.

(ಆ) ಜಗುಲಿಸ್ಥ. ಉದಾಹರಣೆ: ಪಿಂಕಿ. ಎಂಬತ್ತು-ತೊಂಬತ್ತರ ದಶಕಗಳಲ್ಲಿ ಊರೂರಿನ ಮಧ್ಯಮವರ್ಗದ ಮನೆಗಳಲ್ಲಿ ಕಾಣಿಸಿಕೊಂಡ, ಎಲ್ಲರೂ ಪಾಮೇರಿಯನ್ ಎಂದೇ ನಂಬಿದ್ದ, ಬಹುಪಾಲು ಇಂಡಿಯನ್ ಸ್ಪಿಟ್ಜ್ ಆಗಿದ್ದ ಬಿಳಿ ನಾಯಿ. ಅಂಚೆಯವನು, ಕರೆಂಟ್ ಬಿಲ್ಲಿನವನು, ಗಾಳಿಗೆ ಅಲುಗಾಡುವ ಪಂಚೆ ಮೂವರನ್ನೂ ಸಮಾನ ದೃಷ್ಟಿಯಿಂದ ಕಾಣುತ್ತಿದ್ದ ಜಾತ್ಯತೀತ ಬೊಗಳಿಕೆ ಇದರ ಅನನ್ಯತೆ.

(ಇ) ಪಡಸಾಲಿಸ್ಥ ಮತ್ತು (ಈ) ಮಂಚಸ್ಥ. ಇವೆರಡು ಬೇರೆ ಬೇರೆ ವರ್ಗಗಳಲ್ಲ, ಒಂದೇ ನಾಯಿಯ ಎರಡು ಕಾಲಘಟ್ಟಗಳು. ಈ ಪ್ರಕ್ರಿಯೆಯನ್ನು ನಮ್ಮ ತಂದೆಯವರು ಹೊರಡಿಸಿದ ಸುಗ್ರೀವಾಜ್ಞೆಗಳ ಮೂಲಕ ಪುನಾರಚಿಸಬಹುದು. ಮೊದಲನೆಯದು: 'ನಾಯಿ ಹೊಸಿಲು ದಾಟಕೂಡದು.' ಎರಡನೆಯದು: 'ಅಡುಗೆಮನೆಗೆ ಮಾತ್ರ ಬರಕೂಡದು.' ಮೂರನೆಯದು: 'ಮಂಚ ಹತ್ತಿದರೆ ನೋಡು ಮತ್ತೆ.' ಕೊನೆಯದು, ರಾತ್ರಿ ಹನ್ನೊಂದರ ಮೇಲೆ, ಸಣ್ಣ ದನಿಯಲ್ಲಿ: 'ಆ ದಿಂಬು ನಂದು, ಸ್ವಲ್ಪ ಸರಿಯೇ.'

ಇದರಿಂದ ಹೊರಡುವ ನಿಯಮ: ನಾಯಿಯ ಶಯನಸ್ಥಾನ ಸದಾ ಒಳಮುಖವಾಗಿ ಚಲಿಸುತ್ತದೆ. ಹೊರಮುಖ ಚಲನೆ ಇದ್ದರೆ ಮುಂದೆ ಪರಿಶೀಲಿಸಲಾಗುವುದು.

(ಉ)ದಿಂದ (ಅಃ)ವರೆಗಿನ ಉಪವರ್ಗಗಳನ್ನು ಕೈಬಿಡಲಾಗಿದೆ. ಬೇಸರ ಬಂತು.

4. ಪಠ್ಯ ಮತ್ತು ಉಪಪಠ್ಯ

ಉಣ್ಣೆ ಜ್ವರ ಎಂಬುದು ನಾಯಿ ಸಾಕಿದ ಪ್ರತಿ ಮನೆಯೂ ಒಂದಲ್ಲ ಒಂದು ದಿನ ಎದುರಿಸುವ ವಿಷಯ. ನಾಯಿ ಊಟ ಬಿಡುತ್ತದೆ, ತುಟಿ ಎತ್ತಿ ನೋಡಿದರೆ ಒಸಡು ಬಿಳುಚಿಕೊಂಡಿರುತ್ತದೆ, ರಕ್ತ ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ ಇಳಿದಿರುತ್ತದೆ. ವೈದ್ಯರು ವಾರಗಟ್ಟಲೆ ಡಾಕ್ಸಿಸೈಕ್ಲಿನ್ ಬರೆದುಕೊಡುತ್ತಾರೆ. ಇಲ್ಲಿಂದ ಮುಂದಿನದು ಶುದ್ಧ ಸಾಹಿತ್ಯ ವಿಮರ್ಶೆ.

ರಾಗಿಮುದ್ದೆಯ ತುತ್ತು ಪಠ್ಯ. ಅದರೊಳಗೆ ಹುದುಗಿಸಿದ ಮಾತ್ರೆ ಉಪಪಠ್ಯ. ತುತ್ತಿನ ಮೇಲೆ ಸವರಿದ ತುಪ್ಪ ಅಲಂಕಾರ. ನಾಯಿ ತುತ್ತನ್ನು ಬಾಯಿಗೆ ತೆಗೆದುಕೊಳ್ಳುತ್ತದೆ, ಎರಡು ಸಲ ಅಗಿಯುತ್ತದೆ, ನಮ್ಮ ಮುಖವನ್ನೊಮ್ಮೆ ನೋಡುತ್ತದೆ, ಮುದ್ದೆಯನ್ನು ಪೂರ್ತಿ ನುಂಗಿ ಮಾತ್ರೆಯನ್ನು ಮಾತ್ರ ಒದ್ದೆಯೂ ಆಗದ ಹಾಗೆ ನೆಲದ ಮೇಲೆ ಇಡುತ್ತದೆ. ಕನ್ನಡದ ಯಾವ ನಿರಚನವಾದಿಯೂ ಪಠ್ಯದಿಂದ ಉಪಪಠ್ಯವನ್ನು ಇಷ್ಟು ಚೊಕ್ಕವಾಗಿ ಬೇರ್ಪಡಿಸಿದ್ದನ್ನು ನಾನು ಕಂಡಿಲ್ಲ. ನಾಯಿ ಆಮೇಲೆ ಮೂವತ್ತು ಪುಟ ಬರೆಯುವುದೂ ಇಲ್ಲ.

5. ಬೆಕ್ಕು: ಪ್ರತಿರೋಧದ ರಾಜಕಾರಣ

ಈ ಅಧ್ಯಯನದ ವ್ಯಾಪ್ತಿಗೆ ಒಳಪಡಲು ಬೆಕ್ಕು ನಿರಾಕರಿಸಿದೆ. ಹಸ್ತಪ್ರತಿಯ ಮೇಲೆ ಮಲಗಿ ಅದು ನೀಡಿದ ಪ್ರತಿಕ್ರಿಯೆಯನ್ನೇ ಅಧ್ಯಾಯವೆಂದು ಭಾವಿಸತಕ್ಕದ್ದು.

6. ಸುತ್ತೋಲೆ ಸಾಹಿತ್ಯ: ಒಂದು ಪ್ರಕಾರ ವಿವೇಚನೆ

ಅಪಾರ್ಟ್‌ಮೆಂಟ್ ಸಂಘಗಳ ನೋಟಿಸು ಬೋರ್ಡು ಸಮಕಾಲೀನ ಗದ್ಯದ ಬಹುಮುಖ್ಯ ಪ್ರಕಾರ. 'ಲಿಫ್ಟಿನಲ್ಲಿ ಸಂಭವಿಸಿರುವ ದ್ರವರೂಪದ ಘಟನೆಯನ್ನು ಸಮಿತಿಯು ಗಂಭೀರವಾಗಿ ಪರಿಗಣಿಸಿದ್ದು...' ಎಂದು ಶುರುವಾಗಿ 'ಸಂಬಂಧಪಟ್ಟ ಚತುಷ್ಪಾದಿಯ ಮಾಲೀಕರು' ಎಂದು ಮುಗಿಯುವ ಶೈಲಿ ಇದರದು. ಸಾಕುಪ್ರಾಣಿಗಳನ್ನು ನಿಷೇಧಿಸುವ ಅಧಿಕಾರ ಇಂಥ ಸಂಘಗಳಿಗಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಮಾರ್ಗಸೂಚಿ ಹೊರಡಿಸಿ ವರ್ಷಗಳೇ ಆಗಿವೆ. ಸುತ್ತೋಲೆಗಳು ಅದನ್ನು ಓದಿಲ್ಲ. ಸುತ್ತೋಲೆಗಳು ಏನನ್ನೂ ಓದುವುದಿಲ್ಲ, ಕೇವಲ ಅಂಟಿಸಲ್ಪಡುತ್ತವೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ನಗುವ ವಿಷಯವಾಗಿಯೇ ಉಳಿಯುತ್ತಿತ್ತು.

ಮೂರನೆಯ ಅಧ್ಯಾಯದಲ್ಲಿ ಬಾಕಿ ಇಟ್ಟಿದ್ದ ಹೊರಮುಖ ಚಲನೆಯ ದಾಖಲೆ ಸಿಕ್ಕಿದ್ದು ನಮ್ಮದೇ ಗೇಟಿನಲ್ಲಿ. ಒಂದು ಸಂಸಾರ ವಿದೇಶಕ್ಕೆ ಹೊರಟಿತು. ಸಾಮಾನು ಹೋಯಿತು, ಗಾಡಿ ಮಾರಾಟವಾಯಿತು, ಕುಂಡದ ಗಿಡಗಳು ಕೂಡ ಅವರಿವರ ಮನೆ ಸೇರಿದವು. ಏಳು ವರ್ಷದ ಲ್ಯಾಬ್ರಡಾರ್ ಬ್ರೂನೋ ಮಾತ್ರ ಸರಪಳಿ ಸಮೇತ ಕಾವಲುಗಾರನ ಕುರ್ಚಿಯ ಪಕ್ಕ ಉಳಿಯಿತು. ಜೊತೆಗೊಂದು ಸ್ಟೀಲ್ ಬಟ್ಟಲು, ಒಡೆಯದ ಬಿಸ್ಕತ್ತಿನ ಪೊಟ್ಟಣ. ಪೊಟ್ಟಣವನ್ನು ಕೊಂಡು ತಂದಿಟ್ಟು ಹೋಗುವಷ್ಟು ವ್ಯವಧಾನ ಅವರಿಗಿತ್ತು ಎಂಬುದನ್ನು ನನ್ನಿಂದ ಇವತ್ತಿಗೂ ನುಂಗಲಾಗಿಲ್ಲ.

ಬ್ರೂನೋ ಮಂಚದ ಮೇಲೆ ಮಲಗಿ ಬೆಳೆದ ನಾಯಿ. ಗೇಟಿನ ಸಿಮೆಂಟಿನ ಮೇಲೆ ಹೇಗೆ ಮಲಗಬೇಕೆಂದು ಅದಕ್ಕೆ ತಿಳಿಯಲಿಲ್ಲ. ಬಿಳಿ ಕಾರು ಬಂದಾಗಲೆಲ್ಲ ಎದ್ದು ನಿಲ್ಲುತ್ತಿತ್ತು, ಕಾರು ತಳಮಹಡಿಗೆ ಇಳಿದ ಮೇಲೂ ಅದೇ ದಿಕ್ಕಿಗೆ ನೋಡುತ್ತ ನಿಂತಿರುತ್ತಿತ್ತು. ಬೆಂಗಳೂರಿನಲ್ಲಿ ಬಿಳಿ ಕಾರಿಗೇನು ಬರ. ಇಡೀ ದಿನ ಎದ್ದು ಕೂರುವುದೇ ಅದರ ಕೆಲಸವಾಯಿತು. ನಾವು ಮನೆಗೆ ಕರೆತಂದೆವು. ಸೊಂಟದ ಕೀಲು ಹಾಳಾಗಿತ್ತು, ಲ್ಯಾಬ್ರಡಾರ್‌ಗಳಲ್ಲಿ ಇದು ಸಾಮಾನ್ಯ. ಮೆಟ್ಟಿಲು ಇಳಿಸುವಾಗ ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿ ಹಿಡಿಯಬೇಕಿತ್ತು. ಅಷ್ಟು ನೋವಿದ್ದರೂ ಕೊನೆಯವರೆಗೂ ಕಾರಿನ ಸದ್ದಿಗೆ ಕಿವಿ ನಿಮಿರಿಸುವುದನ್ನು ಬಿಡಲಿಲ್ಲ. ಹೋದವರ ಮೇಲೆ ಅದಕ್ಕೆ ಸಿಟ್ಟಿರಲಿಲ್ಲ. ಅದರ ಪಾಲಿನದನ್ನೂ ಸೇರಿಸಿ ನನಗಿದೆ.

7. (ಇದಕ್ಕೆ ಶೀರ್ಷಿಕೆ ಬೇಡ)

2003ರಲ್ಲಿ ಹುಡುಗನ ಹಿಂದೆ ಹಿಂದೆ ಹೋಗುವ ಪಗ್ ನಾಯಿಯ ಹಚ್ ಮೊಬೈಲ್ ಜಾಹೀರಾತು ಬಂತು, ಮನೆಮನೆಗೂ ಪಗ್ ಬೇಕಾಯಿತು. ಚಪ್ಪಟೆ ಮೂಗಿನ ಆ ಪ್ರಾಣಿ ನಮ್ಮ ಏಪ್ರಿಲಿನಲ್ಲಿ ಉಸಿರಾಡಲು ಪಡುವ ಪಾಡು ಜಾಹೀರಾತಿನಲ್ಲಿ ಕಾಣುವುದಿಲ್ಲ. ಆಮೇಲೆ ಹಸ್ಕಿ. ಸೈಬೀರಿಯದ ಹಿಮದಲ್ಲಿ ಜಾರುಬಂಡಿ ಎಳೆಯಲೆಂದು ಎರಡು ಪದರದ ತುಪ್ಪಳ ಹೊತ್ತು ಹುಟ್ಟಿದ್ದು, ಇಲ್ಲಿ ಎರಡು ಕೋಣೆಯ ಮನೆಯ ಬಾಲ್ಕನಿಯಲ್ಲಿ ನಾಲಗೆ ಚಾಚಿ ಬಿದ್ದಿರುತ್ತದೆ. 2022ರಲ್ಲಿ '777 ಚಾರ್ಲಿ' ಬಂತು. ಲಾಭಕ್ಕಾಗಿ ಬೇಕಾಬಿಟ್ಟಿ ತಳಿ ಬೆಳೆಸುವವರಿಂದ ನಾಯಿಗೆ ಏನಾಗುತ್ತದೆ ಎಂದು ಆ ಚಿತ್ರ ಬಿಡಿಸಿ ಹೇಳಿತು. ಅದನ್ನು ನೋಡಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಕಣ್ಣೀರಿಟ್ಟರು. ಥಿಯೇಟರಿನಲ್ಲಿ ನಮ್ಮ ಹಿಂದಿನ ಸಾಲಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದವರೊಬ್ಬರು ಹೊರಗೆ ಬರುತ್ತಲೇ ಫೋನಿನಲ್ಲಿ ಕೇಳಿದ್ದು, 'ಲ್ಯಾಬ್ರಡಾರ್ ಮರಿ ಎಷ್ಟಕ್ಕೆ ಸಿಗುತ್ತೆ?'

ತಳಿ ಬೆಳೆಸುವವರು ನೋಂದಣಿ ಮಾಡಿಸಬೇಕೆಂಬ ನಿಯಮ 2017ರಿಂದಲೇ ಇದೆ. ಕೊಳ್ಳುವವರಲ್ಲಿ ಆ ಪತ್ರ ತೋರಿಸಿ ಎಂದು ಕೇಳುವವರು ಎಷ್ಟು ಮಂದಿ? ಮರಿಯ ಕಿವಿ ಎಷ್ಟು ಮೃದು ಎಂದು ಮುಟ್ಟಿ ನೋಡುತ್ತಾರೆ, ಅಷ್ಟೇ. ಅದೇ ಮರಿ ದೊಡ್ಡದಾಗಿ, ಕೂದಲುದುರಿಸಿ, ಚಪ್ಪಲಿ ಕಡಿದು, ಕಾಯಿಲೆ ಬಿದ್ದು, ಖರ್ಚಿನ ಬಾಬ್ತಾದಾಗ ಊರಾಚೆಯ ರಿಂಗ್ ರಸ್ತೆಯಲ್ಲಿ ಕಾರಿನ ಬಾಗಿಲು ತೆರೆದುಕೊಳ್ಳುತ್ತದೆ. ಬೀದಿಯಲ್ಲೇ ಹುಟ್ಟಿದ ನಾಯಿಗೆ ಬೀದಿಯ ಗಡಿ ಗೊತ್ತು, ಬೇಕರಿಯ ಸಮಯ ಗೊತ್ತು, ಯಾರು ಕಲ್ಲೆತ್ತುತ್ತಾರೆ ಎಂಬುದೂ ಗೊತ್ತು. ಸೋಫಾದಿಂದ ಇಳಿದ ನಾಯಿಗೆ ಇದ್ಯಾವುದೂ ಗೊತ್ತಿಲ್ಲ. ಅದು ಬೊಗಳುವುದನ್ನೂ ಮರೆತು ರಸ್ತೆ ವಿಭಜಕದ ಪಕ್ಕ ಕಾಯುತ್ತದೆ.

ಇಂಥದ್ದಕ್ಕೆ ನಮ್ಮಲ್ಲಿ ಪದಗಳಿಗೇನೂ ಕೊರತೆಯಿಲ್ಲ. 'ಪರಿತ್ಯಕ್ತ ಸಹಜೀವಿಯ ಅಂಚೀಕರಣ' ಎನ್ನಬಹುದು. ಹಾಗೆಂದು ಬರೆದರೆ ಸಂಕಿರಣಕ್ಕೆ ಕರೆ ಬರುತ್ತದೆ, ಹೋಗಿಬರುವ ಖರ್ಚು ಕೊಡುತ್ತಾರೆ, ಶಾಲು ಹೊದಿಸುತ್ತಾರೆ. ದೊಡ್ಡ ಮಾತಿನ ಉಪಯೋಗವೇ ಅದು: ಸರಪಳಿ ಯಾರ ಕೈಯಲ್ಲಿತ್ತು ಎಂದು ಕೇಳದೆ ಮಾತು ಮುಗಿಸಬಹುದು.

8. ಉಪಸಂಹಾರ

ಸಾವಿರ ವರ್ಷಗಳ ಹಿಂದೆ ಯುದ್ಧ ಗೆದ್ದವನೊಬ್ಬ ಬಹುಮಾನವಾಗಿ ನಾಯಿ ಕೇಳಿ, ಅದು ಸತ್ತ ಮೇಲೆ ಗದ್ದೆ ಕೊಟ್ಟು ಕಲ್ಲು ಹಾಕಿಸಿದ. ನಮ್ಮ ಕಾಲದ ಶಾಸನವೂ ಒಂದಿದೆ: ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960. ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅದರ 11ನೆಯ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ.

ಮನೆಗೆ ಮರಿ ತರಬೇಕೆಂದಿರುವವರಲ್ಲಿ ಸಂಶೋಧಕನ ಒಂದೇ ವಿನಂತಿ. ಇನ್ನು ಹತ್ತು ಹನ್ನೆರಡು ವರ್ಷ ಪ್ರತಿದಿನ ಬೆಳಿಗ್ಗೆ ಅದನ್ನು ಹೊರಗೆ ಕರೆದುಕೊಂಡು ಹೋಗುವವರು ಯಾರು ಎಂದು ಮನೆಯವರನ್ನೆಲ್ಲ ಕೂರಿಸಿ ಕೇಳಿ. ಯಾರೂ ಕೈ ಎತ್ತದಿದ್ದರೆ ಮರಿ ತರಬೇಡಿ. ಯಾರಾದರೂ ಎತ್ತಿದರೆ, ಅಂಗಡಿಗೆ ಹೋಗುವ ಮೊದಲು ನಿಮ್ಮದೇ ರಸ್ತೆಯ ಗೇಟುಗಳತ್ತ ಒಮ್ಮೆ ನೋಡಿ. ಅಲ್ಲಿ ಈಗಾಗಲೇ ಒಂದು ನಾಯಿ ಕಾಯುತ್ತಿರಬಹುದು, ಅದಕ್ಕೆ ದುಡ್ಡು ಕೊಡಬೇಕಿಲ್ಲ.