ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ: ನಾಲ್ಕು ತಾಲ್ಲೂಕಿನ ಬಳಕೆದಾರರ ಕೈಪಿಡಿ

ವ್ಯಾಪ್ತಿ

ಈ ಕೈಪಿಡಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಿಗೆ ಅನ್ವಯಿಸುತ್ತದೆ. ಬಂಗಾರಪೇಟೆ ಮತ್ತು ಕೆಜಿಎಫ್‌ನವರು ಓದಿದರೆ ಅಡ್ಡಿಯಿಲ್ಲ, ಪರಿಣಾಮಕ್ಕೆ ಅವರೇ ಜವಾಬ್ದಾರರು. ಓದಲು ಶುರು ಮಾಡುವ ಮೊದಲು ಅಂಗಡಿಯ ಕಂಪ್ಯೂಟರ್ ಆನ್ ಮಾಡಿ. ಅದು ಏಳುವಷ್ಟರಲ್ಲಿ ಕೈಪಿಡಿಯ ಅರ್ಧ ಮುಗಿದಿದ್ದರೆ ಉಳಿದರ್ಧ ನಿಮಗಾಗಿಯೇ ಬರೆದದ್ದು. ಈ ಸಾಲಿಗೆ ಬರುವ ಮೊದಲೇ ಎದ್ದು ಕೂತಿದ್ದರೆ ನಿಮ್ಮ ದುಡ್ಡು ಉಳಿಯಿತು. ಮುಳಬಾಗಿಲಿಗೆ ಹೋಗಿ ದೋಸೆ ತಿಂದು ಬನ್ನಿ.

ಹಂತ 1: ಕಾಯುತ್ತಿರುವುದು ಯಾರಿಗೆ ಎಂದು ಪತ್ತೆ ಮಾಡಿ

ಹಾಳೆ ತೆಗೆದುಕೊಂಡು ಒಂದು ದಿನ ಪೂರ್ತಿ ನೀವು ಸುಮ್ಮನೆ ಕೂತ ಹೊತ್ತನ್ನೆಲ್ಲ ಬರೆದಿಡಿ. ಪಕ್ಕದಲ್ಲಿ ಕಾಯಿಸಿದವರ ಹೆಸರಿರಲಿ. ಓಟಿಪಿ ಬಾರದೆ ಕೂತದ್ದು, ಸರ್ವರ್ ಡೌನ್ ಎಂದು ಕೂತದ್ದು, ಕರೆಂಟ್ ಹೋಗಿ ಕೂತದ್ದು, ಪ್ರಿಂಟರ್ ಹಾಳೆ ನುಂಗಿ ಕೂತದ್ದು, ಪಾರ್ಟಿ ಬರುತ್ತೇನೆಂದು ಫೋನಿನಲ್ಲಿ ಹೇಳಿ ಟೇಕಲ್‌ನಲ್ಲೇ ಉಳಿದದ್ದು. ಇವು ಯಾವುದಕ್ಕೂ ಎಸ್‌ಎಸ್‌ಡಿ ಔಷಧಿಯಲ್ಲ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಮಾವಿಗೆ ಗಡಿ ಮುಚ್ಚಿದಾಗ ಶ್ರೀನಿವಾಸಪುರದ ಲಾರಿಗಳು ನಿಂತವಲ್ಲ, ಆ ನಿಲುಗಡೆಗೂ ಸೆಕೆಂಡಿಗೆ 3,500 ಎಂಬಿ ಓದುವ ಡಿಸ್ಕಿಗೂ ಸಂಬಂಧವಿರಲಿಲ್ಲ.

ಪಟ್ಟಿಯಲ್ಲಿ ಉಳಿದದ್ದು ಏನಾದರೂ ಇದೆಯೇ ನೋಡಿ. ‘ಸಿಸ್ಟಮ್ ಹ್ಯಾಂಗ್’ ಎಂದು ಬರೆದ ಕಡೆಯಲ್ಲೆಲ್ಲ ಮುಂದಿನ ಸಲ ಮೌಸ್ ಕುಟ್ಟಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು ಶೇಕಡಾ 8, ಡಿಸ್ಕ್ ಶೇಕಡಾ 100, ಆದರೆ ವೇಗ ಸೆಕೆಂಡಿಗೆ ಬರೀ 1 ಎಂಬಿ ಎಂದು ತೋರಿಸುತ್ತಿದ್ದರೆ ರೋಗಿ ಸಿಕ್ಕಿಬಿದ್ದ. ಮೆಮೊರಿಯೂ ತುಂಬಿ ಶೇಕಡಾ 95 ದಾಟಿದ್ದರೆ ಅವಸರ ಬೇಡ. 4 ಜಿಬಿ ರ್‍ಯಾಮ್ ಸಾಲದೆ ಕಂಪ್ಯೂಟರ್ ಡಿಸ್ಕನ್ನೇ ರ್‍ಯಾಮ್ ಎಂದುಕೊಂಡು ದುಡಿಸುತ್ತಿದೆ; ಮೊದಲು 8 ಜಿಬಿ ಮಾಡಿಸಿ, ಆಮೇಲೆ ಮಾತು.

ಹಂತ 2: ‘ನಂದು ಫಾಸ್ಟ್ ಹಾರ್ಡ್ ಡಿಸ್ಕು’ ಎನ್ನುವವರಿಗೆ

ಇಂಥವರು ನಾಲ್ಕೂ ತಾಲ್ಲೂಕಿನಲ್ಲಿದ್ದಾರೆ. 7200 ಆರ್‌ಪಿಎಂ ಎಂದು ಹೇಳುವಾಗ ಅವರ ಎದೆ ಒಂದಂಗುಲ ಮುಂದೆ ಬರುತ್ತದೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಹಳೇ ಸರ್ವರ್ ಬಿಚ್ಚಿದ ಮಾಲು ತಂದವನ ಹತ್ತಿರ 10,000 ಅಥವಾ 15,000 ಆರ್‌ಪಿಎಂನದೂ ಇರಬಹುದು. ಒಂದು ಕಾಲಕ್ಕೆ ಅದು ದೊಡ್ಡ ಮಾತೇ ಆಗಿತ್ತು. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು, ನಿಮಿಷಕ್ಕೆ 1,200 ಸುತ್ತು, ಒಟ್ಟು ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಅಲ್ಲಿಂದ 15,000ಕ್ಕೆ ಬರಲು 44 ವರ್ಷ ಬೇಕಾಯಿತು, ಮತ್ತೆ ಅಲ್ಲೇ ನಿಂತಿತು.

ನಿಂತದ್ದು ಏಕೆಂದು ಒಂದು ಸಲ ಗುಣಿಸಿ ನೋಡಿ. 7200 ಎಂದರೆ ಸೆಕೆಂಡಿಗೆ 120 ಸುತ್ತು, ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ತುಣುಕು ಹೆಡ್ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, 4.2 ಮಿಲಿಸೆಕೆಂಡ್. ಅದಕ್ಕೂ ಮೊದಲು ಹೆಡ್ ಸರಿಯಾದ ಸಾಲಿಗೆ ಸರಿಯಬೇಕು, ಸುಮಾರು 9 ಮಿಲಿಸೆಕೆಂಡ್. ಎರಡೂ ಸೇರಿ 13. ಅಂದರೆ ಅಲ್ಲಲ್ಲಿ ಚದುರಿದ ತುಣುಕುಗಳನ್ನು ಸೆಕೆಂಡಿಗೆ ಎಪ್ಪತ್ತೈದೋ ಎಂಬತ್ತೋ ಸಲ ತರಬಲ್ಲದು, ಅಷ್ಟೆ. 15,000ದ ಡಿಸ್ಕ್ ಬಿಸಿಯಾಗಿ, ಕೂಗಾಡಿ, ಎಲ್ಲ ಕಸರತ್ತು ಮಾಡಿದರೂ 180ರ ಆಸುಪಾಸು. ಸಾಧಾರಣ ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಸರಿಯುವುದೂ ಇಲ್ಲ. ಅದೇ ಕೆಲಸಕ್ಕೆ 0.1 ಮಿಲಿಸೆಕೆಂಡ್. ಸೆಕೆಂಡಿಗೆ ಸಾವಿರಗಟ್ಟಲೆ.

ಆದರೆ ಒಂದೇ ದೊಡ್ಡ ಫೈಲನ್ನು ಉದ್ದಕ್ಕೆ ಓದುವಾಗ ಹಾರ್ಡ್ ಡಿಸ್ಕ್ ಅಷ್ಟೇನೂ ಸೋಮಾರಿಯಲ್ಲ, ಸೆಕೆಂಡಿಗೆ 150ರಿಂದ 200 ಎಂಬಿ ಕೊಡುತ್ತದೆ. ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿನ ಜವಾನನಿಗೆ ಒಂದು ದಪ್ಪ ಕಡತ ಕೇಳಿ, ಎತ್ತಿಕೊಂಡು ಬರುತ್ತಾನೆ. ನೂರು ಊರಿನ ನೂರು ಒಂಟಿ ಹಾಳೆ ಕೇಳಿ, ಊಟದ ಹೊತ್ತಾದರೂ ಬೀರುಗಳ ನಡುವೆಯೇ ಇರುತ್ತಾನೆ. ವಿಂಡೋಸ್ ಶುರುವಾಗುವುದು, ಬ್ರೌಸರ್ ತೆರೆಯುವುದು, ಆ್ಯಂಟಿವೈರಸ್ ತಡಕಾಡುವುದು, ಎಲ್ಲವೂ ನೂರು ಒಂಟಿ ಹಾಳೆಯ ಜಾತಿ.

ಹಂತ 3: ನೀವು ಯಾವ ಊರಿನವರು?

ಮಾಲೂರು. ಸೈಟು, ಲೇಔಟು, ಕ್ರಯಪತ್ರ, ಭೋಗ್ಯಪತ್ರದ ಊರು. ಇಲ್ಲಿನ ಡಿಟಿಪಿ ಅಂಗಡಿಗಳಲ್ಲಿ ಬೆಳಗಿನ ಕ್ರಮ ಹೀಗೆ: ಷಟರ್ ಎತ್ತು, ಯುಪಿಎಸ್ ಒತ್ತು, ಸಿಪಿಯು ಒತ್ತು, ಕಸ ಗುಡಿಸು, ದೇವರ ಫೋಟೋ ಒರೆಸು, ಹೂ ಇಡು, ಊದುಬತ್ತಿ ಹಚ್ಚಿ ಮೊದಲು ಗಲ್ಲಾಪೆಟ್ಟಿಗೆಗೆ, ಆಮೇಲೆ ಮಾನಿಟರಿಗೆ ಮೂರು ಸುತ್ತು. ಅಷ್ಟೊತ್ತಿಗೆ ಡೆಸ್ಕ್‌ಟಾಪ್ ಬಂದಿರುತ್ತದೆ, ಆದರೆ ಚಿತ್ರಗಳ ಕೆಳಗೆ ಹೆಸರು ಇನ್ನೂ ಮೂಡಿರುವುದಿಲ್ಲ. ಟೀ ಹೇಳು. ಟೀ ಬಂದಾಗ ‘ನುಡಿ’ ತಂತ್ರಾಂಶ ತೆರೆದುಕೊಳ್ಳುತ್ತದೆ. ಎಸ್‌ಎಸ್‌ಡಿ ಹಾಕಿಸಿದರೆ ಊದುಬತ್ತಿಗೆ ಕಡ್ಡಿ ಗೀರುವ ಮೊದಲೇ ಯಂತ್ರ ಸಿದ್ಧವಾಗಿ ನಿಮ್ಮನ್ನೇ ನೋಡುತ್ತಿರುತ್ತದೆ. ಪೂಜೆ ಗಡಿಬಿಡಿಯಾದರೆ ಕಂಪನಿ ಹೊಣೆಯಲ್ಲ. ನನ್ನ ತೀರ್ಮಾನ ಕೇಳಿದರೆ, ಈ ಕೈಪಿಡಿಯಲ್ಲಿ ಕಣ್ಣು ಮುಚ್ಚಿ ‘ಹಾಕಿಸಿ’ ಎನ್ನಬಹುದಾದದ್ದು ಈ ಅಂಗಡಿಗೆ ಮಾತ್ರ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಕಂಪ್ಯೂಟರ್ ಪಹಣಿಗೆ 15 ರೂಪಾಯಿ ಹಿಡಿದು ಕ್ಯೂ ನಿಂತ ಜನ ಇವರ ಎದುರಿಗಿರುವುದು. ಕಾದದ್ದು ಅವರಿಗೆ ಸಾಕು.

ಕೋಲಾರ. ಎಪಿಎಂಸಿಯ ಟೊಮೆಟೊ ಮಂಡಿಯ ಲೆಕ್ಕ ಎಷ್ಟೇ ದೊಡ್ಡದೆಂದರೂ ವರ್ಷದ ಫೈಲೆಲ್ಲ ಸೇರಿ ಒಂದು ಮದುವೆ ವಿಡಿಯೋದ ಮುಹೂರ್ತದ ಭಾಗದಷ್ಟೂ ಆಗುವುದಿಲ್ಲ. 256 ಜಿಬಿಯ ಸಣ್ಣ ಎಸ್‌ಎಸ್‌ಡಿ ಧಾರಾಳ. ಒಂದು ಟಿಬಿ ಹಾಕಿಸಿಕೊಳ್ಳಿ ಎನ್ನುವವನ ಮಾತು ಕೇಳಬೇಡಿ.

ಮುಳಬಾಗಿಲು. ಫೋಟೋ ಸ್ಟುಡಿಯೋದವರು ನಿಧಾನವಾಗಿ ಓದಿ, ನಿಮ್ಮದು ಸಿಕ್ಕಿನ ಕೇಸು. ಆವಣಿ ಬೆಟ್ಟದಲ್ಲಿ ಪ್ರೀವೆಡ್ಡಿಂಗ್, ಆಮೇಲೆ ಆರತಕ್ಷತೆ, ಮುಹೂರ್ತ, ಬೀಗರೂಟ. ರಾ ಫೋಟೋ ಒಂದಕ್ಕೆ 25 ಎಂಬಿ ಎಂದರೂ 4,000ಕ್ಕೆ 100 ಜಿಬಿ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೋ ಗಂಟೆಗೆ 45 ಜಿಬಿ. ಇದನ್ನೆಲ್ಲ ಎಸ್‌ಎಸ್‌ಡಿಯಲ್ಲೇ ಇಡುತ್ತೇನೆಂದರೆ ಒಂದು ಕಾರ್ತಿಕ ಮಾಸದಲ್ಲೇ ಅಂಗಡಿ ಅಡವಿಡಬೇಕು. ಇನ್ನೊಂದು ತಮಾಷೆಯಿದೆ. ಆ 4ಕೆ ವಿಡಿಯೋ ಒಂದನ್ನು ಓಡಿಸಲು ಬೇಕಾದದ್ದು ಸೆಕೆಂಡಿಗೆ 12.5 ಎಂಬಿ, ನಿಮ್ಮ ಹಳೇ ಹಾರ್ಡ್ ಡಿಸ್ಕ್ ಅದನ್ನು ಸಲೀಸಾಗಿ ಕೊಡುತ್ತದೆ. ಕಟ್ಟಕಡೆಗೆ ‘ಎಕ್ಸ್‌ಪೋರ್ಟ್’ ಒತ್ತಿ ರಾತ್ರಿಯಿಡೀ ಕೂರುವುದು ಹೆಚ್ಚಿನ ಪಾಲು ಪ್ರೊಸೆಸರಿನ ಪಾಪ. ಹಾರ್ಡ್ ಡಿಸ್ಕ್ ಕೈಚೆಲ್ಲುವುದು ಮೂರು ಕ್ಯಾಮೆರಾದ ತುಣುಕುಗಳನ್ನು ಒಂದೇ ಟೈಮ್‌ಲೈನಿನಲ್ಲಿ ಅಕ್ಕಪಕ್ಕ ಇಟ್ಟು ತಾಳಿ ಕಟ್ಟುವ ಗಳಿಗೆಗೆ ಹಿಂದೆ ಮುಂದೆ ಎಳೆದಾಡುವಾಗ, ಸಾವಿರಾರು ಫೋಟೋಗಳ ಸಣ್ಣ ಪ್ರತಿ ತೆರೆಯುವಾಗ. ಆದ್ದರಿಂದ ನಡೆಯುತ್ತಿರುವ ಮದುವೆ ಎಸ್‌ಎಸ್‌ಡಿಯಲ್ಲಿ, ಆಲ್ಬಮ್ ಕೊಟ್ಟು ಮುಗಿದ ಮದುವೆ ಎರಡು ಹಾರ್ಡ್ ಡಿಸ್ಕಿನಲ್ಲಿ, ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ. ಕ್ಯುಎಲ್‌ಸಿ ಎಂಬ ಅಗ್ಗದ ಜಾತಿಯ ಎಸ್‌ಎಸ್‌ಡಿ ಕೊಂಡರೆ ಮೊದಲ ಕೆಲವು ಜಿಬಿ ಓಡಿ, ಆಮೇಲೆ ಹಾರ್ಡ್ ಡಿಸ್ಕಿಗಿಂತ ಕೆಳಗೆ ಇಳಿಯುವುದೂ ಉಂಟು. 200 ಜಿಬಿ ಒಟ್ಟಿಗೆ ಸುರಿಯುವ ನಿಮಗೆ ಅದು ಆಗಿಬರುವುದಿಲ್ಲ.

ಶ್ರೀನಿವಾಸಪುರ. ಮಾವಿನ ಮಂಡಿಯ ಕಂಪ್ಯೂಟರ್ ಸೀಸನ್ನಿನಲ್ಲಿ ಹಗಲು ರಾತ್ರಿ ದುಡಿದು, ಉಳಿದ ತಿಂಗಳೆಲ್ಲ ಟವಲ್ ಹೊದ್ದು ಮಲಗುತ್ತದೆ. ಎಸ್‌ಎಸ್‌ಡಿ ಬರೆದೂ ಬರೆದೂ ಸವೆಯುತ್ತದಂತೆ ಎಂದು ಯಾರೋ ನಿಮ್ಮ ಕಿವಿಗೆ ಹಾಕಿರುತ್ತಾರೆ. ನಿಜವೇ. 500 ಜಿಬಿಯ ಒಂದು ಒಳ್ಳೆಯ ಎಸ್‌ಎಸ್‌ಡಿಗೆ 180ರಿಂದ 300 ಟಿಬಿ ಬರೆಯುವ ಭರವಸೆ ಇರುತ್ತದೆ. ದಿನಕ್ಕೆ 20 ಜಿಬಿ ಬರೆದರೂ 180 ಟಿಬಿ ಮುಗಿಯಲು 24 ವರ್ಷ. ಬಾದಾಮಿ, ಬೇನಿಷಾ, ರಸಪುರಿಯ ಬಿಲ್ಲು ಬರೆದು ಇದನ್ನು ಸವೆಸಲು ನಿಮ್ಮಿಂದಾಗದು. ನಿಮಗಿರುವ ಭಯ ಬೇರೆಯದು: ಎಸ್‌ಎಸ್‌ಡಿಯಲ್ಲಿ ಲೆಕ್ಕ ನಿಲ್ಲುವುದು ಹಿಡಿದಿಟ್ಟ ವಿದ್ಯುತ್ ಕಣಗಳ ಮೇಲೆ, ಕರೆಂಟಿಲ್ಲದೆ ಬಹಳ ಕಾಲ ಬಿಟ್ಟರೆ ಅವು ನಿಧಾನಕ್ಕೆ ಸೋರುತ್ತವೆ. ಪೂರಾ ಸವೆದ ಡಿಸ್ಕ್ ಕೂಡ 30 ಡಿಗ್ರಿಯಲ್ಲಿ ಒಂದು ವರ್ಷ ತಡೆಯಬೇಕು ಎಂಬುದು ಉದ್ಯಮದ ಅಳತೆಗೋಲು. ಹೊಸದು ಇನ್ನೂ ಹೆಚ್ಚು ಬಾಳುತ್ತದೆ. ಆದರೂ ಶೀಟ್ ಹೊದಿಸಿದ ಮಂಡಿಯ ಏಪ್ರಿಲ್ ಬಿಸಿಲು 30 ಡಿಗ್ರಿಯಲ್ಲ. ದಸರಾಕ್ಕೊಮ್ಮೆ, ಸಂಕ್ರಾಂತಿಗೊಮ್ಮೆ ಆನ್ ಮಾಡಿ, ಬ್ಯಾಕಪ್ ಮಾತ್ರ ಹಳೇ ಹಾರ್ಡ್ ಡಿಸ್ಕಿಗೇ ಹಾಕಿಡಿ.

ಹಂತ 4: ಖರೀದಿ

ಬೆಲೆ ಇಲ್ಲಿ ಅಚ್ಚು ಹಾಕಿಲ್ಲ. ಮೆಮೊರಿ ಚಿಪ್ಪಿನ ದರ ಏರಿಳಿಯುವುದನ್ನು 2023ರ ಜುಲೈನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದ್ದು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಬಸ್ಸು ಹತ್ತುವ ಮೊದಲು ಸಿಪಿಯು ಬಿಚ್ಚಿ ಒಳಗೆ ನೋಡಿ. ಎಂ.2 ಎಂಬ ಸಣ್ಣ ಸ್ಲಾಟ್ ಬೋರ್ಡಿನಲ್ಲಿ ಇದೆಯೇ, ಇದ್ದರೆ ಎನ್‌ವಿಎಂಇಗೋ ಸಾಟಾಗೋ, ಫೋಟೋ ತೆಗೆದುಕೊಂಡು ಹೋಗಿ. ಬರೀ ಸಾಟಾ ವೈರ್ ಕಂಡರೆ ಎರಡೂವರೆ ಅಂಗುಲದ್ದು ಕೇಳಿ. ಎಷ್ಟೇ ಒಳ್ಳೆಯದಾದರೂ ಸೆಕೆಂಡಿಗೆ 550 ಎಂಬಿ ದಾಟದು, ಹಳೇ ಬೋರ್ಡಿನಲ್ಲಿ ಅದರರ್ಧ. ಬೇಸರ ಬೇಡ, ನಿಮ್ಮ ಊದುಬತ್ತಿ ಲೆಕ್ಕಕ್ಕೆ ಅರ್ಧವೇ ಸಾಕು. ಕಂಪ್ಯೂಟರ್ ತೀರಾ ಹಳೆಯದಾದರೆ ಇನ್ನೊಂದು ನೆನಪಿರಲಿ: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಎಚ್ಚರಿಕೆ: ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಮೊದಲು ಅದನ್ನು ಬದಲಿಸಿ. ಬರೆಯುವ ನಡುವೆ ಕರೆಂಟ್ ಹೋದರೆ ಎಸ್‌ಎಸ್‌ಡಿ ತನ್ನದೇ ನಕ್ಷೆ ಕಳೆದುಕೊಂಡು ಮೂಕವಾಗಬಹುದು. ಹಾರ್ಡ್ ಡಿಸ್ಕ್ ಸಾಯುವ ಮೊದಲು ಹೆಚ್ಚಾಗಿ ಕಟಕಟ ಎಂದು ನಾಲ್ಕು ದಿನ ನೋಟಿಸ್ ಕೊಡುತ್ತದೆ. ಎಸ್‌ಎಸ್‌ಡಿ ಅಷ್ಟೂ ಹೇಳದೆ ಹೋಗಬಹುದು, ಹೋದರೆ ಒಳಗಿನದನ್ನು ಹಿಂದಕ್ಕೆ ತರಿಸುವುದೂ ಕಷ್ಟ.

ಹಂತ 5: ಬದಲಾಯಿಸುವುದು

ಸರ್ವೀಸ್ ಹುಡುಗ ಬಂದ ಕೂಡಲೇ ‘ಫಾರ್ಮ್ಯಾಟ್ ಹೊಡೆದು ಫ್ರೆಶ್ ಆಗಿ ಹಾಕ್ತೀನಣ್ಣ’ ಎನ್ನುತ್ತಾನೆ. ಅವನಿಗೆ ಕಾಫಿ ಕೊಟ್ಟು ಕೂರಿಸಿ. ನಿಮ್ಮಲ್ಲಿ 2009ರ ಲಗ್ನಪತ್ರಿಕೆಯಿದೆ, ಹಳೇ ನುಡಿ ಅಕ್ಷರದಲ್ಲಿ ಪೇಜ್‌ಮೇಕರಿನಲ್ಲಿ ಕೂರಿಸಿದ್ದು. ಆ ಫಾಂಟ್ ಇಲ್ಲದ ಹೊಸ ವಿಂಡೋಸಿನಲ್ಲಿ ತೆರೆದರೆ ವಧು, ವರ, ಬೀಗರು, ಬಂಧುಮಿತ್ರರು ಎಲ್ಲರೂ ಇಂಗ್ಲಿಷ್ ಅಕ್ಷರ, ಅಲ್ಪವಿರಾಮ, ಡಾಲರ್ ಚಿಹ್ನೆಗಳಾಗಿ ನಿಂತಿರುತ್ತಾರೆ. ಹಳೇ ಡಿಸ್ಕನ್ನು ಇದ್ದ ಹಾಗೆಯೇ ಹೊಸದಕ್ಕೆ ಕ್ಲೋನ್ ಮಾಡಲು ಹೇಳಿ. ಫಾರ್ಮ್ಯಾಟೇ ಆಗಬೇಕೆಂದರೆ ಫಾಂಟ್ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡ ಮೇಲೆ ಆಗಲಿ. ಹೊಸ ಡಿಸ್ಕಿನಲ್ಲಿ ಐದನೇ ಒಂದು ಭಾಗ ಖಾಲಿ ಬಿಡಿ, ತುಂಬಿ ತುಳುಕಿದರೆ ಎಸ್‌ಎಸ್‌ಡಿಯೂ ಮುಗ್ಗರಿಸುತ್ತದೆ.

ಹಂತ 6: ಹಳೇ ಡಿಸ್ಕ್

ಬ್ಯಾಕಪ್ಪಿಗೆ ಇಟ್ಟುಕೊಂಡರೆ ಸರಿ. ಗುಜರಿಗೆ ಹಾಕುವುದಾದರೆ ನಿಲ್ಲಿ. ಅದರಲ್ಲಿ ಊರಿನವರ ಆಧಾರ್, ಪ್ಯಾನ್, ಪಾಸ್‌ಬುಕ್, ಹೆಬ್ಬೆಟ್ಟು ಒತ್ತಿದ ಪತ್ರ ಎಲ್ಲವೂ ಸ್ಕ್ಯಾನ್ ಆಗಿ ಕೂತಿವೆ. ಡಿಲೀಟ್ ಮಾಡಿದೆ ಎಂದರೆ ಸೂಚಿಯಲ್ಲಿದ್ದ ಹೆಸರು ಅಳಿಸಿದ್ದೀರಿ ಅಷ್ಟೆ, ಸರಕು ಒಳಗೇ ಇರುತ್ತದೆ. ಪೂರ್ತಿ ಡಿಸ್ಕಿನ ಮೇಲೆ ಒಮ್ಮೆ ಸೊನ್ನೆ ಬರೆಸಿ. ಕೆಟ್ಟು ಹೋಗಿ ಅದೂ ಆಗದಿದ್ದರೆ ಡ್ರಿಲ್ ಹಾಕಿಸಿ; ಲ್ಯಾಪ್‌ಟಾಪಿನ ಡಿಸ್ಕಾದರೆ ತಟ್ಟೆ ಹೆಚ್ಚಾಗಿ ಗಾಜಿನದು, ಕಣ್ಣಿಗೆ ಕನ್ನಡಕವಿರಲಿ. ಬಿಚ್ಚಿದಾಗ ಒಳಗೆ ಹೆಡ್ ಪಕ್ಕ ಎರಡು ಬಾಗಿದ ಆಯಸ್ಕಾಂತ ಸಿಗುತ್ತವೆ. ಬೆರಳು ಸಿಕ್ಕಿಸಿಕೊಳ್ಳದೆ ತೆಗೆಯಿರಿ, ಚೋಟುದ್ದ ಇದ್ದರೂ ಭಾರಿ ಹಿಡಿತ. ಬೀರುವಿಗೆ ಲಗ್ನಪತ್ರಿಕೆ ಅಂಟಿಸಲು ಬರುತ್ತವೆ. ಹೊಸ ಎಸ್‌ಎಸ್‌ಡಿಗೆ ಅವುಗಳಿಂದ ತೊಂದರೆಯಿಲ್ಲ. ಎಟಿಎಂ ಕಾರ್ಡಿನಿಂದ ದೂರ ಇಡಿ.