ಗೂಟಕ್ಕೆ ಕಟ್ಟಿದ ತಂಪು

ಗೋಡೆಗೆ ಒಂದು ಮೊಳೆ ಹೊಡೆಯುವುದಕ್ಕೂ ಮಾಲೀಕರ ಅಪ್ಪಣೆ ಬೇಕಾಗುವ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ, ಗೋಡೆ ಕೊರೆಯದೆ, ಹೊರಗೆ ಪೆಟ್ಟಿಗೆ ನೇತುಹಾಕದೆ ಕೋಣೆಯನ್ನು ತಂಪು ಮಾಡುತ್ತೇನೆಂದು ಮಾತು ಕೊಡುವ ಯಂತ್ರವೇ ಪೋರ್ಟಬಲ್ ಎ.ಸಿ. ಪೋರ್ಟಬಲ್ ಎಂದರೆ ಒಯ್ಯಬಹುದಾದದ್ದು ಎಂದರ್ಥ. ಕಂಪ್ರೆಸರು, ಫ್ಯಾನು, ಸುರುಳಿಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿ ಅಡಕವಾಗಿ ಮೂವತ್ತು ಕಿಲೋದ ಆಸುಪಾಸಿನಲ್ಲಿ ತೂಗುವ ಇದನ್ನು, ಅಡಿಯಲ್ಲಿ ಗಾಲಿಗಳಿರುವುದರಿಂದ, ಹೊಸ್ತಿಲು ಅಡ್ಡ ಬರುವವರೆಗೆ ಎಲ್ಲಿಗೆ ಬೇಕಾದರೂ ತಳ್ಳಿಕೊಂಡು ಹೋಗಬಹುದು.

ಅಂಗಡಿಗೆ ಹೋದವರನ್ನು ಮೊದಲು ಕಂಗೆಡಿಸುವ ಮಾತು ಟನ್. ಇದು ಯಂತ್ರದ ತೂಕವಲ್ಲ. ಮಂಜುಗಡ್ಡೆಯೇ ತಂಪಿನ ಸರಕಾಗಿದ್ದ ಕಾಲದ ಅಮೆರಿಕದಲ್ಲಿ, ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖವನ್ನು ಅಳತೆಗೋಲಾಗಿ ಇಟ್ಟುಕೊಂಡದ್ದರ ಪಳೆಯುಳಿಕೆ, ಇಂದಿನ ಲೆಕ್ಕದಲ್ಲಿ ಗಂಟೆಗೆ 12,000 ಬಿ.ಟಿ.ಯು., ಅಂದರೆ ಸುಮಾರು ಮೂರೂವರೆ ಕಿಲೋವ್ಯಾಟ್. ಮೂರನೆಯ ಮಹಡಿಯ ನೆಲ ಒಂದು ಟನ್ ತಡೆದೀತೇ ಎಂದು ಹಿರಿಯರು ಕೇಳಿದರೆ ನಗಬಾರದು.

ಆಯ್ಕೆಯ ಜಟಿಲತೆಯೆಲ್ಲ ಇರುವುದು ಯಂತ್ರದ ಬೆನ್ನಿನಿಂದ ಹೊರಡುವ, ಆನೆಯ ಸೊಂಡಿಲಿನಂಥ ಪೈಪಿನಲ್ಲಿ. ಎ.ಸಿ. ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಶಾಖವನ್ನು ಹೊರಗೆ ಸಾಗಿಸುತ್ತದೆ. ಒಂದೇ ಪೈಪಿನ ಮಾದರಿಯಾದರೆ ಕೋಣೆಯ ಗಾಳಿಯನ್ನೇ ಬಿಸಿ ಮಾಡಿ ಹೊರದೂಡುವುದರಿಂದ, ಖಾಲಿಯಾದ ಜಾಗಕ್ಕೆ ಬಾಗಿಲ ಸಂದಿಯಿಂದ ಬಿಸಿಗಾಳಿಯೂ, ಅದರ ಜೊತೆಗೆ ಪಕ್ಕದ ಮನೆಯ ಒಣಮೆಣಸಿನಕಾಯಿ ಒಗ್ಗರಣೆಯ ಘಾಟೂ ಒಳಗೆ ಬರುತ್ತವೆ. ಶಾಖವನ್ನು ಹೊತ್ತೊಯ್ಯುವ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು ಹೊರಗೇ ಬಿಡುವ ಎರಡು ಪೈಪಿನ ಮಾದರಿ ಇದಕ್ಕಿಂತ ಮೇಲು ಎಂಬುದು ಸರಿ, ಆದರೆ ಒಂದಕ್ಕೇ ದಾರಿಯಿಲ್ಲದ ಕಿಟಕಿಯಲ್ಲಿ ಎರಡರ ಮಾತೆಲ್ಲಿ?

ಪೈಪಿನೊಡನೆ ಬರುವ ಪಟ್ಟಿ ಜಾರುವ ಕಿಟಕಿಗೆಂದು ಮಾಡಿದ್ದು. ನಮ್ಮ ಕಡೆಯ ಕಿಟಕಿಗೋ ಹೊರಕ್ಕೆ ತೆರೆಯುವ ಬಾಗಿಲು, ಕಳ್ಳನಿಗೆಂದು ಕಬ್ಬಿಣದ ಸರಳು, ಸೊಳ್ಳೆಗೆಂದು ಜಾಲರಿ. ಹೀಗಾಗಿ ಜಾಲರಿ ಕಿತ್ತು, ಐದಾರು ಅಂಗುಲದ ಪೈಪಿನ ಬಾಯನ್ನು ಸರಳುಗಳಿಗೆ ಒತ್ತಿ, ಉಳಿದ ಭಾಗವನ್ನೆಲ್ಲ ಥರ್ಮಾಕೋಲು, ಹಳೆಯ ಟಿ.ವಿ.ಯ ರಟ್ಟು ಮತ್ತು ಕಂದು ಟೇಪಿನಿಂದ ಮುಚ್ಚುವ ಗೃಹ ಕೈಗಾರಿಕೆಯೊಂದು ಏಪ್ರಿಲ್ ತಿಂಗಳಲ್ಲಿ ತಲೆಯೆತ್ತಿ, ಕೋಣೆ ತಂಪಾಗುವ ಮೊದಲೇ ಕತ್ತಲಾಗಿ, ನಡುಮಧ್ಯಾಹ್ನ ದೀಪ ಹಾಕಬೇಕಾಗುತ್ತದೆ. ಪೈಪಿನ ಉದ್ದ ನಾಲ್ಕೈದು ಅಡಿಯಷ್ಟೇ ಆದ್ದರಿಂದ ಗಾಲಿಗಳಿದ್ದೂ ಯಂತ್ರ ಗೂಟಕ್ಕೆ ಕಟ್ಟಿದ ಹಸುವಿನಂತೆ ಕಿಟಕಿಯ ಸುತ್ತಲೇ ನಿಂತಿರುತ್ತದೆ. ಕಂಪ್ರೆಸರೂ ಒಳಗೇ ಇರುವುದರಿಂದ ಅದರ ಗೊರಕೆ ಮನೆಯವರ ಗೊರಕೆಯನ್ನು ಮೀರಿಸುತ್ತದೆ.

ಗಾಳಿ ಒಣಗಿರುವ ಕಲಬುರಗಿಯಲ್ಲಿ ನೀರಿನ ಕೂಲರೇ ಅಗ್ಗದಲ್ಲಿ ಕೆಲಸ ಸಾಗಿಸೀತು. ಮಂಗಳೂರಿನಲ್ಲಿ ಅದು ಸೆಕೆಗೆ ಇನ್ನಷ್ಟು ಪಸೆ ಸೇರಿಸುವುದರಿಂದ ಎ.ಸಿ.ಯೇ ಗತಿ, ಆದರೆ ಅಲ್ಲಿನ ಗಾಳಿಯಿಂದ ಹಿಂಡಿದ ನೀರು ಯಂತ್ರದ ಹೊಟ್ಟೆಯಲ್ಲಿ ತುಂಬಿಕೊಂಡು, ಸರಿರಾತ್ರಿಯಲ್ಲಿ ಕೆಂಪು ದೀಪ ಹೊತ್ತಿ ತಂಪು ನಿಂತುಬಿಡುತ್ತದೆ. ನೀರಿಳಿಸುವ ಬಿರಡೆ ನೆಲದಿಂದ ಎರಡಂಗುಲ ಮೇಲಷ್ಟೇ ಇದ್ದು, ಅದರಡಿಗೆ ಬಕೆಟ್ಟಾಗಲಿ ಚೊಂಬಾಗಲಿ ಹೋಗುವುದಿಲ್ಲವಾದ್ದರಿಂದ, ಇಂಥ ಎ.ಸಿ.ಯನ್ನು ಆರಿಸುವವರು ಅದರ ಜೊತೆಗೇ ಹಿಟ್ಟು ನಾದುವ ಅಗಲ ತಟ್ಟೆಯೊಂದನ್ನು ಕೊಂಡಿಟ್ಟುಕೊಳ್ಳುವುದು ಲೇಸು, ಬೆಳಗಿನ ಚಪಾತಿಗೆ ಬೇರೆ ತಟ್ಟೆ ಇರಲಿ.