ಕಾಫಿ ಮೆಷಿನ್‌ಗೆ ಬಡ್ತಿ

ಕೆಲಸ ಮಾಡುವುದಕ್ಕಿಂತ ಕೆಲಸದ ಚಿತ್ರ ಬರೆಯುವುದರಲ್ಲೇ ಕಂಪನಿಗಳಿಗೆ ಹುರುಪು ಜಾಸ್ತಿ. ಆರ್ಡರ್ ಬಂತೆಂದರೆ ಒಂದು ಸಣ್ಣ ವೃತ್ತ, ಪರಿಶೀಲನೆಗೆ ಒಂದು ಚೌಕ, ಒಪ್ಪಿಗೆಯೋ ನಕಾರವೋ ಎನ್ನುವಲ್ಲಿ ವಜ್ರದಾಕಾರ, ಮುಗಿದಲ್ಲಿ ದಪ್ಪ ಅಂಚಿನ ಇನ್ನೊಂದು ವೃತ್ತ. ಬಿಪಿಎಂಎನ್ ಎಂಬ ಈ ಚಿತ್ರಲಿಪಿಯ ಎರಡನೇ ಆವೃತ್ತಿ 2011ರಲ್ಲಿ ಬಂತು. ಅದರ ನಿಯಮಗಳೇ ಐನೂರು ಪುಟ ದಾಟುತ್ತವೆ. ಇಷ್ಟಾಗಿಯೂ ಚೌಕದೊಳಗೆ ಏನು ಬರೆಯುತ್ತೀರೋ ಅದು ನಿಮ್ಮಿಷ್ಟ. ಸೇಲ್ಸ್‌ನವರು ‘ಆರ್ಡರ್ ಪರಿಶೀಲಿಸು’ ಎಂದು ಬರೆದರೆ, ಅಕೌಂಟ್ಸ್‌ನವರು ಅದೇ ಕೆಲಸಕ್ಕೆ ‘ಆರ್ಡರ್ ಚೆಕಿಂಗ್’ ಅನ್ನುತ್ತಾರೆ. ಎರಡೂ ಒಂದೇ ಅಂತ ಆಫೀಸ್ ಬಾಯ್‌ಗೂ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ.

ಇಲ್ಲಿ ಆಂಟಾಲಜಿ ಮಹಾಶಯರ ಪ್ರವೇಶ. ‘ಇರುವಿಕೆ’ ಎಂದರೇನೆಂದು ತತ್ತ್ವಜ್ಞಾನಿಗಳು ತಲೆ ಕೆರೆದುಕೊಳ್ಳುತ್ತಿದ್ದ ವಿದ್ಯೆಯನ್ನು ಕಂಪ್ಯೂಟರಿನವರು ಎತ್ತಿಕೊಂಡು ಹೋಗಿ ಇನ್‌ವಾಯ್ಸ್‌ಗೆ ಹಚ್ಚಿದರು. ಕಂಪನಿಯಲ್ಲಿ ಏನೇನಿದೆ, ಯಾವುದಕ್ಕೆ ಯಾವುದರ ನಂಟು, ಎಲ್ಲವನ್ನೂ ಯಂತ್ರಕ್ಕೆ ಅರ್ಥವಾಗುವ ತರ್ಕದಲ್ಲಿ ಬರೆದಿಡಬೇಕು. 1990ರ ದಶಕದಲ್ಲೇ ಟೊರಾಂಟೊ ಮತ್ತು ಎಡಿನ್‌ಬರೋ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಕೈ ಹಾಕಿದ್ದರು. ಟೊರಾಂಟೊದವರು ಜಾಣರು. ಆಂಟಾಲಜಿ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು ಅನ್ನುವುದನ್ನು ಮೊದಲು ಬರೆಯಿರಿ, ಆಮೇಲೆ ಕಟ್ಟಿರಿ ಅಂದರು. ಇದೇ ಕಟ್ಟಳೆಯನ್ನು ನಮ್ಮ ಮೀಟಿಂಗ್‌ಗಳಿಗೂ ತಂದರೆ ಅರ್ಧಕ್ಕರ್ಧ ರದ್ದಾದಾವು. ಯುರೋಪಿನವರು 2006ರಿಂದ 2009ರವರೆಗೆ ಒಂದು ಯೋಜನೆ ನಡೆಸಿ, ಚಿತ್ರದ ಚೌಕಗಳನ್ನು ಆಂಟಾಲಜಿಗೆ ಗಂಟು ಹಾಕಲು ಹೊರಟರು. ಅದಕ್ಕೆ ತಾವೇ ಇಟ್ಟುಕೊಂಡ ಹೆಸರು ‘ಸೂಪರ್’. ಸಂಕೋಚ ಅನ್ನುವುದು ಸ್ವಲ್ಪವಾದರೂ ಬೇಡವೇ!

ಕಚೇರಿಯಲ್ಲಿ ಒಬ್ಬರ ಮೇಲೊಬ್ಬರು ಗೂಬೆ ಕೂರಿಸುವುದು ಹಳೇ ಪದ್ಧತಿ. 2004ರಲ್ಲಿ ವೆಬ್‌ಗೆ ಕಟ್ಟಳೆ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ‘ಔಲ್’, ಅಂದರೆ ಗೂಬೆ, ಎಂಬ ಆಂಟಾಲಜಿ ಭಾಷೆಯನ್ನೇ ಹೊರತಂದು ಅದಕ್ಕೆ ಅಧಿಕೃತ ಮುದ್ರೆ ಒತ್ತಿತು. ಈ ಭಾಷೆಯಲ್ಲಿ ಬರೆದದ್ದನ್ನು ಓದಿ ತೀರ್ಮಾನ ಹೇಳಲು ರೀಸನರ್ ಎಂಬ ಗುಮಾಸ್ತನಿದ್ದಾನೆ. ಅವನದು ಅಪ್ಪಟ ಹಿತ್ತಾಳೆ ಕಿವಿ. ‘ಬಿಲ್ ಮಂಜೂರು ಮಾಡುವವರೆಲ್ಲ ಮ್ಯಾನೇಜರ್’ ಎಂದು ಬರೆದಿಟ್ಟಿದ್ದೀರಿ. ಯಾರೋ ಕೈತಪ್ಪಿ, ಬಿಲ್ ಮಂಜೂರು ಮಾಡಿದ್ದು ಎರಡನೇ ಮಹಡಿಯ ಕಾಫಿ ಮೆಷಿನ್ ಎಂದು ತುಂಬಿದರು ಅನ್ನಿ. ಇವನು ‘ಇದೇನ್ರೀ ಇದು’ ಎಂದು ಕೇಳುವುದಿಲ್ಲ. ‘ಓಹೋ, ಕಾಫಿ ಮೆಷಿನ್ನೂ ಮ್ಯಾನೇಜರೇ’ ಎಂದು ಅಲ್ಲೇ ಬಡ್ತಿ ಕೊಟ್ಟುಬಿಡುತ್ತಾನೆ. ಮ್ಯಾನೇಜರ್ ಅಂದರೆ ಮನುಷ್ಯ, ಮನುಷ್ಯ ಮೆಷಿನ್ ಅಲ್ಲ ಎಂದು ಮೊದಲೇ ಬರೆದಿದ್ದರೆ ಮಾತ್ರ ತಕರಾರು. (ಕೆಲವು ಕಚೇರಿಗಳಲ್ಲಿ ಈ ವಾಕ್ಯ ಬರೆಯಲು ಧೈರ್ಯ ಬೇಕು.) ಒಂದು ಆರ್ಡರ್‌ಗೆ ಒಬ್ಬನೇ ಗ್ರಾಹಕ ಎಂದು ನಿಯಮ ಹಾಕಿ, ಅದೇ ಆರ್ಡರನ್ನು ರಾಮಣ್ಣನ ಹೆಸರಿಗೂ ಶಾಮಣ್ಣನ ಹೆಸರಿಗೂ ಬರೆಯಿರಿ. ರಾಮಣ್ಣನೇ ಶಾಮಣ್ಣ ಅನ್ನುತ್ತಾನೆ, ಪಕ್ಕಾ ಅದ್ವೈತಿ! ಸಹಿಯಿಲ್ಲದ ಬಿಲ್ ಕಂಡರೂ ಗಲಾಟೆಯಿಲ್ಲ. ಸಹಿ ಎಲ್ಲೋ ಇದ್ದೀತು, ನನಗೆ ಯಾರೂ ಹೇಳಿಲ್ಲ ಅಷ್ಟೆ ಎಂಬ ಸಮಾಧಾನ.

ಈ ಔದಾರ್ಯ ಲೆಕ್ಕಪತ್ರಕ್ಕೆ ಒಗ್ಗದು. ಅದಕ್ಕೇ 2017ರಲ್ಲಿ ‘ಶ್ಯಾಕಲ್’ ಎಂಬ ಇನ್ನೊಬ್ಬನನ್ನು ನೇಮಿಸಿದರು. ಇವನು ಸಹಿ ಕಾಣದಿದ್ದರೆ ಬಿಲ್ ವಾಪಸ್ ಎನ್ನುವ ಗಿರಾಕಿ.

ಆದರೂ ನನ್ನ ಓಟು ಆ ಹಿತ್ತಾಳೆ ಕಿವಿಯವನಿಗೇ. ಅವನಿಗೆ ಒಂದೊಂದನ್ನೂ ಬಿಡಿಸಿ ಹೇಳಲು ಕೂತಾಗಲೇ ಕಂಪನಿಯ ಒಳಗುಟ್ಟು ಹೊರಬೀಳುವುದು. ಮಂಜೂರು ಮಾಡುವವರು ಯಾರು? ಚಿತ್ರದಲ್ಲಿ ಫೈನಾನ್ಸ್ ಮ್ಯಾನೇಜರ್. ಸರಿ, ಅವರು ರಜೆ ಹಾಕಿದರೆ? ಆವತ್ತೂ ಬಿಲ್ ಪಾಸಾಗಿದೆಯಲ್ಲ, ಅವರ ಪಾಸ್‌ವರ್ಡ್ ಯಾರ ಹತ್ತಿರ ಇರುತ್ತದೆ? ಎಲ್ಲರಿಗೂ ಇದ್ದಕ್ಕಿದ್ದಂತೆ ಫೋನಿನಲ್ಲಿ ಏನೋ ತುರ್ತು ಕೆಲಸ ಬರುತ್ತದೆ. ಕೊನೆಗೆ ಮೂಲೆಯಲ್ಲಿದ್ದ ಹಳಬರೊಬ್ಬರು ಗಂಟಲು ಸರಿಮಾಡಿಕೊಂಡು, “ಅದೆಲ್ಲಾ ಬರೀಬೇಡಿ ಸಾರ್, ಆಡಿಟ್‌ನೋರು ಓದ್ತಾರೆ” ಅನ್ನುತ್ತಾರೆ.